ಕೈ ಹಿಂದೆ ಎಳೆದುಕೊಂಡ ಹೆಂಗಸು

14 ನವೆಂಬರ್ 2024, ಗುರುವಾರ

ಹೋದ ವಾರ ಪಿ.ಜಿ. ವಿದ್ಯಾರ್ಥಿಗಳಿಗೆ ಮಿದುಳಲ್ಲಿ ನೆನಪು ಹೇಗೆ ಕೂರುತ್ತದೆ ಅಂತ ಪಾಠ ಮಾಡಿದ್ದೆ. ಎಲ್ಲರೂ ಪೆನ್ನು ಹಿಡಿದು ಕೂತಿದ್ದರು. ಇವತ್ತು ಫ್ರಾಯ್ಡ್ ಹೇಳಿದ ಟ್ರಾನ್ಸ್‌ಫರೆನ್ಸ್, ಅಂದರೆ ಹಳೇ ಸಂಬಂಧದ ಭಾವನೆಯನ್ನು ಗೊತ್ತಿಲ್ಲದೇ ಈಗ ಎದುರಿಗಿರುವವರ ಮೇಲೆ ಹೊರಿಸುವುದು. ಇಬ್ಬರು ಮೇಜಿನ ಕೆಳಗೆ ಮೊಬೈಲ್ ನೋಡುತ್ತಿದ್ದರು. ಫ್ರಾಯ್ಡ್ ಅಂದರೆ ಇವರಿಗೆ ಅಟ್ಟದ ಮೇಲಿನ ಹಳೇ ಸಾಮಾನು.

ಅದಕ್ಕೆ ಫ್ರಾಯ್ಡ್‌ನನ್ನು ಬಿಟ್ಟು ಜಿನೀವಾದ ಮನೋವಿಜ್ಞಾನಿ ಕ್ಲಾಪರೇಡ್ ಕಥೆ ಹೇಳಿದೆ. 1911ರಲ್ಲಿ ಆತ ಬರೆದದ್ದು. ಒಬ್ಬ ಹೆಂಗಸಿಗೆ ಕೊರ್ಸಕಾಫ್ ಕಾಯಿಲೆ, ಹೊಸ ನೆನಪು ಕೂರುವುದೇ ಇಲ್ಲ. ಕುಡಿದು ಕುಡಿದು ಥಯಾಮಿನ್ (ವಿಟಮಿನ್ ಬಿ1) ಖಾಲಿಯಾಗಿ ಹೀಗಾದವರನ್ನು ನಮ್ಮ ವಾರ್ಡಿನಲ್ಲೂ ನೋಡುತ್ತೇವಲ್ಲ. ದಿನಾ ಬರುವ ಡಾಕ್ಟರೂ ಆಕೆಗೆ ದಿನಾ ಹೊಸಬ. ಒಂದು ದಿನ ಕ್ಲಾಪರೇಡ್ ಬೆರಳ ಸಂದಿಯಲ್ಲಿ ಗುಂಡುಸೂಜಿ ಇಟ್ಟುಕೊಂಡು ಕೈಕುಲುಕಿದ. ಚುಚ್ಚಿತು. ಆಕೆ ಅದನ್ನೂ ಮರೆತಳು. ಆದರೆ ಮತ್ತೆ ಕೈ ಚಾಚಿದಾಗ ತನ್ನ ಕೈ ಹಿಂದೆ ಎಳೆದುಕೊಂಡಳು. ಯಾಕೆ ಅಂತ ಆಕೆಗೇ ಗೊತ್ತಿಲ್ಲ. (ಇವತ್ತಿನ ಎಥಿಕ್ಸ್ ಕಮಿಟಿ ಇದಕ್ಕೆ ಒಪ್ಪುತ್ತಿರಲಿಲ್ಲ ಬಿಡಿ.)

ಮೊಬೈಲ್ ನೋಡುತ್ತಿದ್ದ ಹುಡುಗಿಯೇ ಕೈ ಎತ್ತಿದಳು. “ಆದ್ರೆ ಮೇಡಂ, ಇದು ಫ್ರಾಯ್ಡ್ ಹೇಳೋ ಅನ್‌ಕಾನ್ಷಿಯಸ್ ಅಲ್ವಲ್ಲ? ಆಕೆ ಏನನ್ನೂ ಅದುಮಿಟ್ಟಿಲ್ಲ. ಮಿದುಳಲ್ಲಿ ಥಲಮಸ್ ಅನ್ನೋ ಭಾಗ ಹಾಳಾಗಿದೆ ಅಷ್ಟೇ.”

ಭಲೇ ಅನ್ನಿಸಿತು. ಅದುಮಿಟ್ಟದ್ದು ಬೇರೆ, ನೆನಪಾಗಿ ಉಳಿಯದೇ ಹೋದದ್ದು ಬೇರೆ. ಎರಡನ್ನೂ ಒಂದೇ ಗಂಟಿಗೆ ಕಟ್ಟಿ ‘ನ್ಯೂರೋಸೈನ್ಸ್ ಫ್ರಾಯ್ಡ್‌ನನ್ನು ಗೆಲ್ಲಿಸಿತು’ ಅನ್ನುವವರನ್ನು ಕಂಡರೆ ನನಗೂ ಕಿರಿಕಿರಿ. ಫ್ರಾಯ್ಡ್ ಕೂಡ ನರರೋಗದ ಡಾಕ್ಟರೇ. 1895ರಲ್ಲಿ ಮನಸ್ಸನ್ನೆಲ್ಲ ನ್ಯೂರಾನ್ ಲೆಕ್ಕದಲ್ಲೇ ಬಿಡಿಸಲು ಹೊರಟು, ಅರ್ಧಕ್ಕೆ ಕೈಬಿಟ್ಟ. ಆ ಕರಡು ಅಚ್ಚಾದದ್ದು 1950ರಲ್ಲಿ, ಆತ ಸತ್ತು 11 ವರ್ಷದ ಮೇಲೆ.

ನನಗೆ ಬೇಕಿದ್ದದ್ದು ಆ ಹಿಂದೆ ಹೋದ ಕೈ ಮಾತ್ರ. ಅದು ರೋಗಿಯದ್ದೇ ಆಗಬೇಕಿಲ್ಲ, ಡಾಕ್ಟರದ್ದೂ ಆಗಬಹುದು ಅಂತ ಹೇಳಿ ಕ್ಲಾಸ್ ಮುಗಿಸಿದೆ.

ಕಾರಿಡಾರಿನಲ್ಲಿ ಮೂರನೇ ವರ್ಷದ ಹುಡುಗ ಹಿಂದೆಯೇ ಬಂದ. ವಾರ್ಡಿನ ಒಬ್ಬ ಅಜ್ಜನ ಹತ್ತಿರ ಎರಡು ನಿಮಿಷಕ್ಕಿಂತ ಜಾಸ್ತಿ ನಿಲ್ಲಲು ಆಗುವುದಿಲ್ಲವಂತೆ. ಕೇಸ್ ಶೀಟಿನಲ್ಲಿ ‘ಅನ್‌ಕೋಆಪರೇಟಿವ್’ ಅಂತ ಬರೆದೂ ಬಿಟ್ಟಿದ್ದಾನೆ.

“ಅಂಥದ್ದೇನು ಮಾಡ್ತಾರಪ್ಪಾ ಅವರು?”

“ಏನಿಲ್ಲ ಮೇಡಂ. ಮಾತಾಡೋಕೆ ಮುಂಚೆ ಗಂಟಲು ಸರಿ ಮಾಡ್ಕೋತಾರೆ.” ಸ್ವಲ್ಪ ಹೊತ್ತು ಸುಮ್ಮನಿದ್ದ. “ನಮ್ಮಪ್ಪ ಬೈಯೋಕೆ ಮುಂಚೆ ಹಂಗೇ ಮಾಡ್ತಿದ್ರು.”

ಸಂಜೆ ರೌಂಡ್ಸ್‌ಗೆ ಹೋದಾಗ ಅಜ್ಜನ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತಿದ್ದ. ಕೇಸ್ ಶೀಟಿನಲ್ಲಿ ಆ ಪದ ಇನ್ನೂ ಹಾಗೇ ಇದೆ. ನಾನೂ ಹೊಡೆದುಹಾಕಲಿಲ್ಲ.