ಎರಡಾದ ಮೇಲೆ ಇಪ್ಪತ್ತೊಂದು

ಪುಸ್ತಕ ಮಳಿಗೆಯವರ ದೂರು ವಿಚಿತ್ರವಾಗಿತ್ತು. ಜಾಲತಾಣದ ಪಟ್ಟಿಯಲ್ಲಿ ಎರಡನೆಯ ಪುಟದವರೆಗೆ ಎಲ್ಲವೂ ಸರಿ. ಅಲ್ಲಿಂದ ‘ಮುಂದೆ’ ಒತ್ತಿದರೆ ಖಾಲಿ ಪುಟ. ‘ಹಿಂದೆ’ ಒತ್ತಿದರೆ ಮಾತ್ರ ತಪ್ಪದೆ ಒಂದನೆಯ ಪುಟ. “ನಿಮ್ಮಲ್ಲಿರುವುದು ಇಷ್ಟೇ ಪುಸ್ತಕವೇ ಎಂದು ಗಿರಾಕಿಗಳು ಕೇಳುತ್ತಿದ್ದಾರೆ ಸರ್” ಎಂದರು.

ಜಾಲತಾಣಕ್ಕೆ ಮಾಹಿತಿ ಒದಗಿಸುವ ಎಪಿಐ ಕಳಿಸಿದ ಉತ್ತರವನ್ನು ತೆರೆದು ನೋಡಿದೆ. ಎರಡರ ಮುಂದಿನ ಪುಟ ‘21’ ಎಂದಿತ್ತು. ವಿಳಾಸದಲ್ಲಿ ಬರುವ 2 ನಮ್ಮ ಕಣ್ಣಿಗೆ ಸಂಖ್ಯೆ. ಸರ್ವರ್ ಬರೆಯಲು ಬಳಸಿದ ಎಕ್ಸ್‌ಪ್ರೆಸ್ ಅದನ್ನು ಸ್ಟ್ರಿಂಗ್ ಆಗಿಯೇ, ಅಂದರೆ ಬರಿಯ ಅಕ್ಷರಗಳ ಸಾಲಾಗಿಯೇ ಕೈಗಿಡುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಸ್ಟ್ರಿಂಗಿಗೆ 1 ಕೂಡಿಸಿದರೆ ಅದು ಪಕ್ಕಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಕಳೆದರೆ, ಗುಣಿಸಿದರೆ ಮಾತ್ರ ಸದ್ದಿಲ್ಲದೆ ಸಂಖ್ಯೆಯಾಗಿಬಿಡುತ್ತದೆ. ‘ಹಿಂದೆ’ ಗುಂಡಿ ಸರಿಯಾಗಿದ್ದುದು ಅದಕ್ಕೇ. ಮೊದಲ ಪುಟಕ್ಕೆ ವಿಳಾಸದಲ್ಲಿ ಅಂಕಿಯೇ ಇಲ್ಲದ್ದರಿಂದ ಕೋಡ್ ತಾನೇ 1 ಎಂದು ಇಟ್ಟುಕೊಳ್ಳುತ್ತಿತ್ತು. ಅದು ಅಸಲಿ ಸಂಖ್ಯೆ. ಪರೀಕ್ಷೆಗೆ ತುಂಬಿಸಿದ್ದ ಪುಸ್ತಕಗಳು ಎರಡು ಪುಟಕ್ಕೇ ಮುಗಿಯುತ್ತಿದ್ದವು. ದೋಷ ಕಾಣುವುದಾದರೂ ಹೇಗೆ?

ಆದರೆ ಇದು ಟೈಪ್‌ಸ್ಕ್ರಿಪ್ಟ್ ಕೋಡ್: ಯಾವುದು ಸಂಖ್ಯೆ, ಯಾವುದು ಸ್ಟ್ರಿಂಗ್ ಎಂಬ ಗುರುತನ್ನು, ಅಂದರೆ ಟೈಪ್ ಅನ್ನು, ಜಾವಾಸ್ಕ್ರಿಪ್ಟ್‌ಗೆ ಸೇರಿಸಿದ ಭಾಷೆ. ಫಂಕ್ಷನ್ ತನಗೆ ನಂಬರ್ ಬೇಕೆಂದು ಸ್ಪಷ್ಟವಾಗಿ ಹೇಳಿತ್ತು. ಸ್ಟ್ರಿಂಗ್ ಕೊಟ್ಟರೆ, ಕೋಡನ್ನು ಜಾವಾಸ್ಕ್ರಿಪ್ಟ್ ಆಗಿಸುವ ಕಂಪೈಲರ್ ಸುಮ್ಮನಿರುವುದಿಲ್ಲ. ಫಂಕ್ಷನ್ನನ್ನು ಕರೆಯುವ ಸಾಲನ್ನು ನೋಡಿದಾಗ ನಗು ಬಂತು: ‘ಆ್ಯಸ್ ಎನಿ’, ಅಂದರೆ ಇದರ ಟೈಪ್ ಏನಾದರೂ ಇರಲಿ, ಕೇಳಬೇಡ. ಕಂಪೈಲರ್ ಇದನ್ನು ಎಂದೋ ಹಿಡಿದಿರಬೇಕು, ಯಾರೋ ಅದರ ಬಾಯಿ ಮುಚ್ಚಿಸಿದ್ದರು. ಟೈಪ್‌ಗಳು ಕಂಪೈಲ್ ಆಗುವಾಗಲೇ ಅಳಿಸಿಹೋಗುತ್ತವೆ. ಓಡುವ ಪ್ರೋಗ್ರಾಮಿನಲ್ಲಿ ಕಾವಲಿಗೆ ಯಾರೂ ಇರುವುದಿಲ್ಲ.

ಬಾಗಿಲಲ್ಲೇ ತಪಾಸಣೆ ಇಟ್ಟೆ. ಬಂದದ್ದನ್ನು ಸಂಖ್ಯೆಯಾಗಿಸಿ, ಅದು ಒಂದು ಅಥವಾ ಅದಕ್ಕಿಂತ ದೊಡ್ಡ ಪೂರ್ಣಾಂಕವಲ್ಲದಿದ್ದರೆ 400, ಅಂದರೆ ‘ಕೋರಿಕೆ ತಪ್ಪು’ ಎಂದು ಹಿಂದಿರುಗಿಸುವುದು. ಸ್ಟ್ರಿಂಗಿನಿಂದ ಪೂರ್ಣಾಂಕ ತೆಗೆಯುವ ಪಾರ್ಸ್‌ಇಂಟ್ ಇಲ್ಲಿ ಬಳಸಬಾರದು. ಅದು ‘2ಎಬಿಸಿ’ಯನ್ನೂ 2 ಎಂದು ಒಪ್ಪಿಕೊಳ್ಳುವಷ್ಟು ಉದಾರಿ. ಅದರ ಬದಲು ಬಳಸುವ ‘ನಂಬರ್’ ಖಾಲಿ ಸ್ಟ್ರಿಂಗನ್ನು ಸೊನ್ನೆ ಮಾಡುತ್ತದೆ, ಆದರೆ ತಪಾಸಣೆ ಸೊನ್ನೆಯನ್ನು ಒಳಗೆ ಬಿಡುವುದಿಲ್ಲ.

“ಅಂಕಿಯಂತೆ ಕಾಣುವುದನ್ನೆಲ್ಲ ಒಳಬರುವಾಗಲೇ ಸಂಖ್ಯೆಯಾಗಿಸಿಬಿಡೋಣ” ಎಂದ ಸಹೋದ್ಯೋಗಿ. ನಾನು ಒಪ್ಪಲಿಲ್ಲ. ಅದೇ ಎಪಿಐ ಮೂಲಕ ಪ್ರಕಾಶಕರ ಬ್ಯಾಂಕ್ ಖಾತೆ ಸಂಖ್ಯೆಯೂ ಬರುತ್ತದೆ. ಸೊನ್ನೆಯಿಂದ ಶುರುವಾಗುವ ಖಾತೆಯನ್ನು ಸಂಖ್ಯೆಯಾಗಿಸಿದರೆ ಮೊದಲಿನ ಸೊನ್ನೆ ಮಾಯ. ಕೂಡಿ ಕಳೆಯದ ಅಂಕಿ ಸ್ಟ್ರಿಂಗ್ ಆಗಿಯೇ ಇರಲಿ ಎಂಬುದು ನನ್ನ ಹಟ.

ಕೋಡಿನ ತಪ್ಪು ಹುಡುಕುವ ಸಾಧನ ಇಎಸ್‌ಲಿಂಟ್‌ನಲ್ಲಿ, ‘ಎನಿ’ ಕಂಡರೆ ಆಕ್ಷೇಪಿಸುವ ನಿಯಮವನ್ನು ಸಂಜೆ ಚಾಲೂ ಮಾಡಿದೆವು. ಪರದೆ ತುಂಬಾ ಕೆಂಪು ಸಾಲುಗಳು. ಎಲ್ಲವನ್ನೂ ತೆಗೆಯುವ ಪುರುಸೊತ್ತು ಇರಲಿಲ್ಲ. ಹಣ ಮುಟ್ಟುವ ಫೈಲ್‌ಗಳಿಂದ ಶುರು ಮಾಡಿದೆವು.