ಡ್ರಾಕುಲಾ ವಿಷಯಕ್ಕೆ ಅಕ್ಕನ ಜೊತೆ ಜಗಳ

ನಮ್ಮಕ್ಕ 'ಡ್ರಾಕುಲಾ'ವನ್ನು ಐದನೇ ಅಧ್ಯಾಯಕ್ಕೆ ಮುಚ್ಚಿಟ್ಟಳು. ಮೊದಲ ನಾಲ್ಕು ಅಧ್ಯಾಯ ಒಂದೇ ರಾತ್ರಿ ಓದಿ, ಬೆಳಿಗ್ಗೆ ಕೆಂಪು ಕಣ್ಣು ಉಜ್ಜಿಕೊಳ್ಳುತ್ತಾ "ಸಖತ್ತಾಗಿದೆ ಕಣೇ" ಅಂದವಳು, ಮಾರನೇ ದಿನ ಪುಸ್ತಕ ತಂದು ನನ್ನ ಮುಂದೆ ಕುಕ್ಕಿದಳು. "ಆ ಹುಡುಗ ಕೋಟೆಯಲ್ಲಿ ಸತ್ತನೋ ಬದುಕಿದನೋ ಹೇಳದೆ ಹಾಗೇ ಬಿಟ್ಟು, ಇಲ್ಲಿ ಇಬ್ಬರು ಹುಡುಗೀರು ಮದುವೆ ವಿಷಯ ಕಾಗದ ಬರ್ಕೊಂಡು ಕೂತಿದ್ದಾರೆ. ಯಾರಿಗೆ ಬೇಕು ಇದು?"

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಬ್ರಾಮ್ ಸ್ಟೋಕರ್‌ನ ಈ ಕಾದಂಬರಿ 1897ರಲ್ಲಿ ಬಂದಿದ್ದು, 27 ಅಧ್ಯಾಯ. ಮೊದಲ ನಾಲ್ಕು ಪೂರ್ತಿ ಜೊನಾಥನ್ ಹಾರ್ಕರ್ ಅನ್ನುವ ಹುಡುಗನ ಡೈರಿ. ವಕೀಲಿಕೆ ಕೆಲಸದವನು. ಲಂಡನ್ನಿನ ಆಸ್ತಿ ಖರೀದಿಯ ಕಾಗದಪತ್ರ ಹಿಡಿದು ಈಗಿನ ರೊಮೇನಿಯಾದ ಟ್ರಾನ್ಸಿಲ್ವೇನಿಯಾಗೆ ಹೋಗುತ್ತಾನೆ, ರಕ್ತ ಹೀರುವ ಪಿಶಾಚಿ ಕೌಂಟ್ ಡ್ರಾಕುಲಾನ ಕೋಟೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ. ಐದನೆಯದಕ್ಕೆ ಬಂದರೆ ಕತೆ ಇದ್ದಕ್ಕಿದ್ದಂತೆ ಇಂಗ್ಲೆಂಡಿನಲ್ಲಿದೆ. ಲೂಸಿ ಅನ್ನುವವಳು ಗೆಳತಿ ಮೀನಾಗೆ, ಒಂದೇ ದಿನ ಮೂರು ಜನ ಬಂದು ಮದುವೆಗೆ ಕೇಳಿದರು ಅಂತ ಸಂಭ್ರಮದಿಂದ ಬರೆಯುತ್ತಿದ್ದಾಳೆ. ಈ ಜಾಗದಲ್ಲಿ ಪುಸ್ತಕ ಬಿಟ್ಟವರನ್ನು ನಾನು ಇನ್ನೂ ಮೂರ್ನಾಲ್ಕು ಜನ ನೋಡಿದ್ದೀನಿ. ಎಲ್ಲರದ್ದೂ ಒಂದೇ ದೂರು. ಡ್ರಾಕುಲಾ ಎಲ್ಲಿ? ಪುಸ್ತಕದ ಹೆಸರೇ ಅವನದು, ಆದರೆ ಕೋಟೆ ಬಿಟ್ಟ ಮೇಲೆ ಅವನು ಕಣ್ಣೆದುರಿಗೆ ಬರುವುದೇ ಅಪರೂಪ. ಬಂದರೂ ಮಂಜಾಗಿಯೋ ಬಾವಲಿಯಾಗಿಯೋ ಕಿಟಕಿ ಆಚೆ ಒಂದು ಕ್ಷಣ.

ನನಗೆ ಆ ಮೊದಲ ಭಾಗದಲ್ಲಿ ತುಂಬಾ ಹೆದರಿಕೆ ಆಗಿದ್ದು ಎಲ್ಲಿ ಅಂತ ಅಕ್ಕನಿಗೆ ಹೇಳಿದಾಗ ಅವಳು ಬಿದ್ದು ಬಿದ್ದು ನಕ್ಕಳು. ಕೌಂಟ್ ಗೋಡೆ ಮೇಲೆ ಹಲ್ಲಿ ಥರ ತಲೆಕೆಳಗಾಗಿ ಇಳಿಯುವುದು ಅಲ್ಲ, ಕನ್ನಡಿಯಲ್ಲಿ ಅವನ ಪ್ರತಿಬಿಂಬ ಕಾಣದೇ ಇರುವುದೂ ಅಲ್ಲ. ಅವನು ಹಾಸಿಗೆ ಹಾಸುವುದು. ಜೊನಾಥನ್ ಒಂದು ಸಲ ಕೋಣೆಗೆ ಬಂದಾಗ ಕೌಂಟ್ ಇವನ ಹಾಸಿಗೆ ಸರಿ ಮಾಡುತ್ತಾ ಇರುತ್ತಾನೆ. ಆಮೇಲೆ ಬಾಗಿಲ ಸಂದಿಯಲ್ಲಿ ಇಣುಕಿದರೆ ಊಟದ ಮೇಜು ಅಣಿ ಮಾಡುತ್ತಿದ್ದಾನೆ. ಅಷ್ಟು ದೊಡ್ಡ ಕೋಟೆಯ ಒಡೆಯ, ವಂಶದ ಬಗ್ಗೆ ಗಂಟೆಗಟ್ಟಲೆ ಜಂಬ ಕೊಚ್ಚಿಕೊಂಡವನು, ತಟ್ಟೆ ಜೋಡಿಸುತ್ತಿದ್ದಾನೆ. ಆಗ ಜೊನಾಥನ್‌ಗೆ ಹೊಳೆಯುತ್ತದೆ, ಈ ಮನೆಯಲ್ಲಿ ಆಳುಕಾಳು ಯಾರೂ ಇಲ್ಲ. ಹಾಗಾದರೆ ಮೊದಲ ರಾತ್ರಿ ಕಗ್ಗತ್ತಲಲ್ಲಿ ತನ್ನನ್ನು ಗಾಡಿಯಲ್ಲಿ ಕರೆತಂದವನು, ಸುಮ್ಮನೆ ಕೈ ಎತ್ತಿ ತೋಳಗಳನ್ನು ಹಿಂದೆ ಸರಿಸಿದ ಆ ಗಾಡಿಯವನು ಯಾರು?

ಅಕ್ಕನಿಗೆ ಇದು ತಮಾಷೆ. "ಪಾಪ, ಒಬ್ಬನೇ ಮನೆಕೆಲಸ ಎಲ್ಲ ಮಾಡ್ಕೋತಾನೆ" ಅಂತಾಳೆ. ನನಗೆ ಮೈ ಜುಂ ಅಂದಿತ್ತು. ಒಂದೇ ಪುಟ, ಅದೇ ಸಾಲುಗಳು.

ಈ ಪುಸ್ತಕದ ಮೇಲಿನ ಜಗಳ ಹೊಸದೇನೂ ಅಲ್ಲ ಬಿಡಿ. ಬಂದ ವರ್ಷವೇ ಶುರುವಾಗಿತ್ತು. ಷರ್ಲಾಕ್ ಹೋಮ್ಸ್ ಬರೆದ ಆರ್ಥರ್ ಕಾನನ್ ಡಾಯ್ಲ್ ಅದೇ 1897ರಲ್ಲಿ ಸ್ಟೋಕರ್‌ಗೆ ಕಾಗದ ಬರೆದು, ಇಂಥ ಒಳ್ಳೆ ಪಿಶಾಚಿ ಕತೆ ಓದಿ ಎಷ್ಟೋ ವರ್ಷ ಆಯಿತು ಅಂತ ಹೊಗಳಿದ್ದ. ಲಂಡನ್ನಿನ 'ಅಥೀನಿಯಂ' ಪತ್ರಿಕೆ ಮಾತ್ರ, ಕಟ್ಟಿದ ರೀತಿಯೂ ಸರಿಯಿಲ್ಲ, ಸಾಹಿತ್ಯ ಅನ್ನುವಂಥ ಗುಣವೂ ಕಮ್ಮಿ ಅಂತ ಮೂಗು ಮುರಿಯಿತು. ಉದ್ದ ಜಾಸ್ತಿ ಅನ್ನುವವರಿಗೆ ಇನ್ನೊಂದು ಸುದ್ದಿ. 1901ರಲ್ಲೇ ಇದನ್ನು ಕತ್ತರಿಸಿ ಚಿಕ್ಕದು ಮಾಡಿದ ಆವೃತ್ತಿಯೂ ಬಂದಿತ್ತು. ಇದನ್ನು ಅಕ್ಕನಿಗೆ ಹೇಳಿದ್ದು ತಪ್ಪಾಯಿತು. "ನೋಡಿದ್ಯಾ!" ಅಂತ ಒಂದು ವಾರ ಹೇಳಿಕೊಂಡು ತಿರುಗಿದಳು.

ಸಿನಿಮಾ ನೋಡಿ ಪುಸ್ತಕಕ್ಕೆ ಬಂದವರದ್ದು ಬೇರೆಯೇ ಗೋಳು. ನನ್ನ ಜೊತೆ ಕೆಲಸ ಮಾಡುವ ಒಬ್ಬರು, ಕಪ್ಪು ನಿಲುವಂಗಿಯ ಚೆಂದದ ಗಂಡಸು ಬರುತ್ತಾನೆ ಅಂತ ಕಾದು ಕೂತಿದ್ದರಂತೆ. ಬಂದವನು ಬಿಳಿ ಮೀಸೆಯ ಮುದುಕ, ಅಂಗೈಯಲ್ಲಿ ಕೂದಲು, ಬಾಯಿ ವಾಸನೆ. ರಕ್ತ ಸಿಕ್ಕ ಹಾಗೆಲ್ಲ ಅವನು ಪ್ರಾಯದವನಾಗುತ್ತಾ ಹೋಗುತ್ತಾನೆ, ಅದು ಬೇರೆ ಮಾತು. ಅವರಿಗೆ ಇನ್ನೂ ದೊಡ್ಡ ಪೆಟ್ಟು ಅಂದರೆ ಬಿಸಿಲು. ಪುಸ್ತಕದಲ್ಲಿ ಡ್ರಾಕುಲಾ ಹಾಡುಹಗಲೇ ಲಂಡನ್ನಿನ ಪಿಕಡಿಲಿಯಲ್ಲಿ ನಿಂತು ಒಬ್ಬ ಹುಡುಗಿಯನ್ನು ದಿಟ್ಟಿಸುತ್ತಾನೆ. ಹಗಲಲ್ಲಿ ಅವನ ಶಕ್ತಿ ಕಮ್ಮಿ ಅಷ್ಟೇ, ಸುಟ್ಟು ಬೂದಿ ಆಗುವುದಿಲ್ಲ. ಬಿಸಿಲಿಗೆ ಸಾಯುವುದನ್ನು ತಂದಿದ್ದು 1922ರ 'ನೊಸ್ಫೆರಾಟು' ಅನ್ನುವ ಮೂಕಿ ಸಿನಿಮಾ. ಅದು ಡ್ರಾಕುಲಾ ಕತೆಯನ್ನೇ ಅನುಮತಿ ಇಲ್ಲದೆ ಎತ್ತಿ, ಹೆಸರು ಬದಲಾಯಿಸಿ ತೆಗೆದದ್ದು. ಸ್ಟೋಕರ್ ಹೆಂಡತಿ ಫ್ಲಾರೆನ್ಸ್ ಕೋರ್ಟಿಗೆ ಹೋದರು, ಪ್ರತಿಗಳನ್ನು ನಾಶ ಮಾಡಿ ಅಂತ ಆದೇಶವೂ ಆಯಿತು. ಆದರೂ ಸಿನಿಮಾ ಉಳಿಯಿತು, ಬಿಸಿಲಿನ ವಿಷಯವೂ ಉಳಿಯಿತು.

ಲ್ಯಾಬಿನಲ್ಲಿ ಕೆಲಸ ಮಾಡುವ ಗೆಳೆಯನೊಬ್ಬ ಎಲ್ಲವನ್ನೂ ಒಪ್ಪಿದ, ಒಂದನ್ನು ಬಿಟ್ಟು. ಡ್ರಾಕುಲಾ ಹೀರಿ ಲೂಸಿಗೆ ರಕ್ತ ಕಡಿಮೆ ಆದಾಗ ಅವಳನ್ನು ಮದುವೆ ಆಗಬೇಕಿದ್ದ ಆರ್ಥರ್, ಡಾಕ್ಟರ್ ಸೀವರ್ಡ್, ಸೀವರ್ಡ್‌ನ ಗುರು ವಾನ್ ಹೆಲ್ಸಿಂಗ್, ಇವರ ಗೆಳೆಯ ಕ್ವಿನ್ಸಿ ಮಾರಿಸ್ ಹೀಗೆ ಒಬ್ಬರಾದ ಮೇಲೆ ಒಬ್ಬರು ನಾಲ್ಕು ಜನ ರಕ್ತ ಕೊಡುತ್ತಾರೆ. "ಗುಂಪು ನೋಡೋದು ಬೇಡ್ವಾ? ಅವಳನ್ನ ಕೊಂದಿದ್ದು ಡ್ರಾಕುಲಾ ಅಲ್ಲ, ಇವರೇ" ಅಂತ ಅವನ ವಾದ. ಆದರೆ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳ ಬಗ್ಗೆ ಪ್ರಕಟಿಸಿದ್ದೇ 1901ರಲ್ಲಿ. ಪಾಪ ಸ್ಟೋಕರ್ ಏನು ಮಾಡಿಯಾನು.

ಹಟ ಬಿಡದೆ ವಾದ ನಡೆಯುವುದು ಮೀನಾ ವಿಷಯಕ್ಕೆ. ನನ್ನ ಗೆಳತಿಯೊಬ್ಬಳು ಈ ಪುಸ್ತಕವನ್ನು ಸಹಿಸುವುದೇ ಇಲ್ಲ. ಯಾಕೆ ಅಂದರೆ ವಾನ್ ಹೆಲ್ಸಿಂಗ್ ಮೀನಾಳನ್ನು ಹೊಗಳುವಾಗ, ಅವಳಿಗೆ ಗಂಡಸಿನ ಮಿದುಳು ಹೆಂಗಸಿನ ಹೃದಯ ಅನ್ನುತ್ತಾನೆ. ಹೊಗಳಿಕೆಯೋ ಬೈಗುಳವೋ! ಅದು ಓದಿದಾಗ ನನಗೂ ಸಿಟ್ಟು ಬಂತು. ಆದರೆ ಮುಂದೆ ಏನಾಗುತ್ತದೆ ನೋಡಿ. ಎಲ್ಲರ ಡೈರಿ, ಕಾಗದ, ಟೆಲಿಗ್ರಾಂ, ಸೀವರ್ಡ್ ಫೋನೋಗ್ರಾಫಿನಲ್ಲಿ ಮಾತಾಡಿ ಇಟ್ಟಿದ್ದು, ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ ಟೈಪ್ ಮಾಡುವವಳು ಮೀನಾ. ಅವಳು ಹಾಗೆ ಮಾಡಿದ ಮೇಲೇ ಈ ಗಂಡಸರಿಗೆ ತಾವು ಯಾರ ಜೊತೆ ಹೋರಾಡುತ್ತಿದ್ದೇವೆ ಅಂತ ಪೂರ್ತಿ ಅರ್ಥ ಆಗುವುದು. ಆಮೇಲೆ ಅವರೆಲ್ಲ ಸೇರಿ, ಇನ್ನು ಇದು ಹೆಂಗಸರಿಗೆ ತಕ್ಕದ್ದಲ್ಲ, ಅವಳಿಗೆ ಏನೂ ಹೇಳುವುದು ಬೇಡ ಅಂತ ತೀರ್ಮಾನ ಮಾಡುತ್ತಾರೆ. ಇವರು ಅವಳನ್ನು ಒಬ್ಬಳನ್ನೇ ಮಲಗಿಸಿ ಡ್ರಾಕುಲಾ ಮಲಗುವ ಮಣ್ಣಿನ ಪೆಟ್ಟಿಗೆ ಹುಡುಕುತ್ತಾ ಹೋದ ಹೊತ್ತಿಗೇ ಅವನು ಅವಳ ಹತ್ತಿರ ಬರುತ್ತಾನೆ. ಅವಳು ದಿನೇ ದಿನೇ ಬಿಳಿಚಿಕೊಳ್ಳುತ್ತಾಳೆ, ಇವರು ಸುಸ್ತು ಅಂದುಕೊಳ್ಳುತ್ತಾರೆ. ಲೂಸಿಯನ್ನು ಕಣ್ಣೆದುರೇ ಕಳಕೊಂಡವರು!

ಗೆಳತಿ ಹೇಳುವುದು, ಸ್ಟೋಕರ್‌ಗೆ ಹೆಂಗಸರ ಬಗ್ಗೆ ಹಳೇ ಬುದ್ಧಿ ಇತ್ತು ಅಂತ. ಇತ್ತು, ಒಪ್ಪುತ್ತೀನಿ. ಆದರೆ ಕತೆಯೇ ಆ ಬುದ್ಧಿಗೆ ಕಪಾಳಕ್ಕೆ ಬಾರಿಸುತ್ತದೆ ಅಂತ ನನ್ನ ಮಾತು. ಕೊನೆಗೆ ಡ್ರಾಕುಲಾ ಯಾವ ನದಿ ದಾರಿಯಲ್ಲಿ ವಾಪಸ್ ಹೋಗುತ್ತಿದ್ದಾನೆ ಅಂತ ಲೆಕ್ಕ ಹಾಕಿ ಹೇಳುವವಳೂ ಮೀನಾನೇ. ಬರೆದವನು ಅಂದುಕೊಂಡಿದ್ದಕ್ಕಿಂತ ಬರೆದದ್ದು ಒಂದು ಹೆಜ್ಜೆ ಮುಂದೆ ಹೋಗಿದೆ. ಈ ಮಾತು ಅವಳು ಇನ್ನೂ ಒಪ್ಪಿಲ್ಲ.

ಇಷ್ಟೆಲ್ಲ ವಾದ ಕೇಳಿ ಕೇಳಿ ನನಗೆ ಒಂದು ಅನುಮಾನ. ನಮ್ಮ ಸಿಟ್ಟಿನಲ್ಲಿ ಅರ್ಧ ಬರುವುದು ನಮಗೆ ಮೊದಲೇ ಗೊತ್ತಿರುವುದರಿಂದ. ಡ್ರಾಕುಲಾ ಯಾರು ಅಂತ ಪುಸ್ತಕ ಮುಟ್ಟದವರಿಗೂ ಇವತ್ತು ಗೊತ್ತು. 1897ರಲ್ಲಿ ಹಳದಿ ರಟ್ಟಿನ ಮೇಲೆ ಕೆಂಪಕ್ಷರದಲ್ಲಿ ಆ ಹೆಸರು ನೋಡಿದವನಿಗೆ ಅದು ಬರೀ ಒಂದು ಶಬ್ದ. ರಕ್ತಪಿಶಾಚಿ ಕತೆಗಳು ಅದಕ್ಕೂ ಮುಂಚೆ ಇದ್ದವು, ಜಾನ್ ಪಾಲಿಡೋರಿ ಅನ್ನುವ ಇಂಗ್ಲಿಷ್ ಲೇಖಕನದ್ದು 1819ರಲ್ಲೇ ಬಂದಿತ್ತು. ಆದರೆ ಈ ಕೌಂಟ್ ಏನು ಮಾಡಿಯಾನು ಅಂತ ಆ ಓದುಗನಿಗೆ ಗೊತ್ತಿರಲಿಲ್ಲ. ಅವನು ಲೂಸಿ ಕತ್ತಿನ ಎರಡು ಚುಕ್ಕೆ ಗಾಯ ನೋಡಿ, ಡಾಕ್ಟರ್ ಜೊತೆ ತಾನೂ ತಲೆ ಕೆರೆದುಕೊಳ್ಳುತ್ತಿದ್ದ. ನಾವು ಮೊದಲ ಸಾಲಿಗೇ ಉತ್ತರ ಹಿಡಿದು ಕೂತಿರುತ್ತೀವಿ. ಆಮೇಲೆ ಇವರೆಲ್ಲ ಎಷ್ಟು ಪೆದ್ದರು ಅಂತ ಬೈಯುತ್ತೀವಿ.

ಬೆಳ್ಳುಳ್ಳಿ ಹೂವಿನ ಪ್ರಸಂಗ ತಗೊಳ್ಳಿ. ವಾನ್ ಹೆಲ್ಸಿಂಗ್ ಲೂಸಿ ಕೋಣೆ ತುಂಬಾ, ರಕ್ತಪಿಶಾಚಿಗೆ ಆಗದ ಬೆಳ್ಳುಳ್ಳಿ ಹೂವು ತರಿಸಿ, ಕಿಟಕಿ ಬಾಗಿಲಿಗೆಲ್ಲ ಉಜ್ಜಿ, ಅವಳ ಕೊರಳಿಗೂ ಮಾಲೆ ಹಾಕಿ ಹೋಗುತ್ತಾನೆ. ಯಾಕೆ ಅಂತ ಯಾರಿಗೂ ಹೇಳುವುದಿಲ್ಲ. ಬೆಳಿಗ್ಗೆ ಬಂದರೆ ಲೂಸಿಯ ಅಮ್ಮ ಖುಷಿಯಾಗಿ ಎದುರಾಗುತ್ತಾಳೆ. ರಾತ್ರಿ ಮಗಳ ಕೋಣೆಗೆ ಹೋಗಿದ್ದೆ, ಎಂಥ ಗಬ್ಬು ವಾಸನೆ, ಆ ಹೂವೆಲ್ಲ ತೆಗೆದು ಕಿಟಕಿ ಸ್ವಲ್ಪ ತೆರೆದಿಟ್ಟೆ, ಗಾಳಿ ಆಡಲಿ ಅಂತ. ವಾನ್ ಹೆಲ್ಸಿಂಗ್ ಮುಖ ಬೂದಿ ಬಣ್ಣಕ್ಕೆ ತಿರುಗುತ್ತದೆ, ಆದರೂ ನಗುತ್ತಾ ಬಾಗಿಲು ಹಿಡಿದು ಅವಳನ್ನು ಆಚೆ ಕಳಿಸುತ್ತಾನೆ. ಅವಳದು ದುರ್ಬಲ ಹೃದಯ, ನಿಜ ಹೇಳಿದರೆ ಅಲ್ಲೇ ಪ್ರಾಣ ಹೋಗಬಹುದು. ಅವಳು ಅತ್ತ ಹೋದ ಮೇಲೆ ಕೂತು ಮಗುವಿನ ಥರ ಅಳುತ್ತಾನೆ.

ಮೊದಲ ಸಲ ಓದಿದಾಗ ನಾನೂ ಪುಸ್ತಕ ಎತ್ತಿ ಎಸೆಯುವುದೊಂದು ಬಾಕಿ. ಹೇಳೋ ಮಾರಾಯ, ಒಂದು ಮಾತು ಹೇಳೋಕೇನು ರೋಗ! ಎರಡನೇ ಸಲ ಓದಿದಾಗ ಆ ಅಮ್ಮನ ಸಂಭ್ರಮವೇ ಕಣ್ಣಿಗೆ ಕಟ್ಟಿತು. ಮಗಳಿಗೆ ಒಳ್ಳೆಯದು ಮಾಡಿದೆ ಅಂತ ಅವಳು ನಂಬಿದ್ದಾಳೆ. ಕಾದಂಬರಿ ತುಂಬಾ ಇದೇ ನಡೆಯುತ್ತದೆ. ಗೊತ್ತಿರುವವನು ಹೇಳುವುದಿಲ್ಲ, ಗೊತ್ತಿಲ್ಲದವನು ಪ್ರೀತಿಯಿಂದಲೇ ಕಿಟಕಿ ತೆಗೆಯುತ್ತಾನೆ. ಡೈರಿ, ಕಾಗದ, ಪೇಪರಿನ ತುಣುಕು ಅಂತ ಕತೆಯನ್ನು ಚೂರು ಚೂರು ಮಾಡಿ ಕೊಟ್ಟಿರುವುದೂ ಇದಕ್ಕೇ ಅಂತ ನನಗೆ ಅನಿಸುತ್ತದೆ, ಒಬ್ಬೊಬ್ಬರ ಹತ್ತಿರ ಒಂದೊಂದು ಚೂರು, ಪೂರ್ತಿ ಇರುವುದು ಓದುವ ನಮ್ಮ ಹತ್ತಿರ ಮಾತ್ರ. ನಡುವಿನ ಭಾಗ ಜಗ್ಗುತ್ತದೆ ಅನ್ನುವುದನ್ನು ಮಾತ್ರ ನಾನು ಅಲ್ಲಗಳೆಯಲ್ಲ. ವಾನ್ ಹೆಲ್ಸಿಂಗ್ ಭಾಷಣ ಶುರು ಮಾಡಿದರೆ ನಾನೂ ಪುಟ ಹಾರಿಸುತ್ತೀನಿ.

ಅಕ್ಕನ ಕತೆಗೆ ಬರೋಣ. ಕೊನೆಗೆ ನಾನೇ ಒಂದು ಉಪಾಯ ಹೇಳಿದೆ. ಐದು ಆರು ಬಿಡು, ಏಳಕ್ಕೆ ಹೋಗಿ ಹಡಗಿನ ದಿನಚರಿ ಓದು. ಬಲ್ಗೇರಿಯಾದ ವಾರ್ನಾದಿಂದ ಹೊರಟ 'ಡಿಮೀಟರ್' ಅನ್ನುವ ಹಡಗು. ಅದರಲ್ಲಿರುವುದು ಮಣ್ಣು ತುಂಬಿದ ಪೆಟ್ಟಿಗೆ. ಒಬ್ಬ ನಾವಿಕ ಕಾಣೆ, ಆಮೇಲೆ ಇನ್ನೊಬ್ಬ. ಕ್ಯಾಪ್ಟನ್ ಹೆಚ್ಚು ಮಾತಿಲ್ಲದೆ ಬರೆಯುತ್ತಾ ಹೋಗುತ್ತಾನೆ. ಹಡಗು ಬಿರುಗಾಳಿಯಲ್ಲಿ ಇಂಗ್ಲೆಂಡಿನ ವಿಟ್ಬಿ ಬಂದರಿಗೆ ನುಗ್ಗಿದಾಗ ಚುಕ್ಕಾಣಿಗೆ ತನ್ನ ಕೈ ತಾನೇ ಕಟ್ಟಿಕೊಂಡ ಅವನ ಹೆಣ. ಅಕ್ಕ ಅದನ್ನು ಓದಿ ರಾತ್ರಿ ಹನ್ನೊಂದೂವರೆಗೆ ಫೋನ್ ಮಾಡಿದಳು, "ಲೈಟ್ ಆರಿಸೋಕೆ ಆಗ್ತಿಲ್ಲ ಕಣೇ" ಅಂತ. ಆಮೇಲೆ ತಾನಾಗೇ ಹಿಂದೆ ಹೋಗಿ ಐದು, ಆರು ಕೂಡ ಓದಿದಳಂತೆ. ರೆನ್‌ಫೀಲ್ಡ್ ಅನ್ನುವ ಹುಚ್ಚಾಸ್ಪತ್ರೆಯವನು ನೊಣ ಹಿಡಿದು ಜೇಡಕ್ಕೆ, ಜೇಡ ಹಿಡಿದು ಗುಬ್ಬಿಗೆ ತಿನ್ನಿಸಿ, ಕೊನೆಗೆ ಒಂದು ಬೆಕ್ಕಿನ ಮರಿ ಕೊಡಿ ಅಂತ ಗೋಗರೆಯುವುದು ಅವಳಿಗೆ ಭಾರಿ ಇಷ್ಟ ಆಗಿದೆ. ಯಾರಿಗೆ ಏನು ಹಿಡಿಸುತ್ತೋ!

ನಿನ್ನೆ ಅವಳು ಹನ್ನೊಂದನೇ ಅಧ್ಯಾಯದಲ್ಲಿದ್ದಳು. ಮೆಸೇಜ್ ಮೇಲೆ ಮೆಸೇಜ್. "ಆ ಅಮ್ಮ ಹೂವು ತೆಗೆದುಬಿಟ್ಳು." "ಯಾರಾದ್ರೂ ಹೇಳಬಾರದಾ ಅವಳಿಗೆ?" "ಈ ವಾನ್ ಹೆಲ್ಸಿಂಗ್ ಮತ್ತೆ ಊರಿಗೆ ಹೋದ." ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. "ಪರವಾಗಿಲ್ಲ, ರಾತ್ರಿ ಲೂಸಿ ಮನೇಲೇ ಇರು ಅಂತ ಸೀವರ್ಡ್‌ಗೆ ಟೆಲಿಗ್ರಾಂ ಕಳಿಸಿದಾನೆ. ಅವನು ಹೋಗ್ತಾನೆ ಅಲ್ವಾ?"

ಆ ಟೆಲಿಗ್ರಾಂ ಮೇಲೆ ಜಿಲ್ಲೆ ಹೆಸರು ಬರೆದಿಲ್ಲ. ಅದು ಬೇರೆಲ್ಲೋ ಸುತ್ತಿ 22 ಗಂಟೆ ತಡವಾಗಿ ತಲುಪುತ್ತದೆ. ಅದೆಲ್ಲ ನನಗೆ ಗೊತ್ತು. "ಓದು ಓದು" ಅಂತ ಮಾತ್ರ ಉತ್ತರ ಕಳಿಸಿ ಫೋನ್ ಪಕ್ಕಕ್ಕಿಟ್ಟೆ.