ಮೂಲೆಯಲ್ಲಿದ್ದ 21:42

ಸಹಾಯಕ ಸರ್ಕಾರಿ ಅಭಿಯೋಜಕನಾಗಿ ಎಷ್ಟು ಕರಡು ದೋಷಾರೋಪಣ ಪಟ್ಟಿಗಳನ್ನು ಓದಿದ್ದೇನೆಂಬ ಲೆಕ್ಕ ನನ್ನಲ್ಲಿಲ್ಲ. ಅವುಗಳಲ್ಲಿ ಒಂದರ 63ನೆಯ ಪುಟ ಮಾತ್ರ ಇಂದಿಗೂ ಕಣ್ಣ ಮುಂದಿದೆ. ಪೆಟ್ರೋಲ್ ಬಂಕ್‌ನ ಸಿಸಿಟಿವಿಯಿಂದ ತೆಗೆದು ಎ4 ಹಾಳೆಯಲ್ಲಿ ಕಪ್ಪು ಬಿಳುಪಾಗಿ ಮುದ್ರಿಸಿದ ಚಿತ್ರವದು. ಬೈಕಿನ ಮೇಲೆ ಇಬ್ಬರು, ಹಿಂದೆ ರಸ್ತೆಯಲ್ಲಿ ಅರ್ಧ ಮಾತ್ರ ಕಾಣುವ ಒಂದು ಬಸ್ಸು, ಬಲಭಾಗದ ಮೇಲ್ಮೂಲೆಯಲ್ಲಿ 21:42 ಎಂಬ ಸಮಯ.

ದಂಡ ಪ್ರಕ್ರಿಯಾ ಸಂಹಿತೆ ಇನ್ನೂ ಜಾರಿಯಲ್ಲಿದ್ದ ಕಾಲ. ಅಡಿಕೆ ಬೆಳೆಯುವ ಒಂದು ತಾಲ್ಲೂಕಿನಲ್ಲಿ, ಪೇಟೆಯ ಹೊರಗಿನ ಕೆರೆ ಏರಿಯ ಪಕ್ಕದಲ್ಲಿ ಬೆಳಗಿನ ಜಾವ ಒಬ್ಬ ರೈತನ ಶವ ಸಿಕ್ಕಿತ್ತು. ತಲೆಗೆ ಬಿದ್ದ ಏಟು ಸಾವಿಗೆ ಕಾರಣವಾಗಿತ್ತು. ನೋಡಿದವರು ಯಾರೂ ಇರಲಿಲ್ಲ. ಜಮೀನಿನ ಬದುವಿನ ವಿಷಯದಲ್ಲಿ ಮೃತನೊಡನೆ ನಾಲ್ಕು ವರ್ಷಗಳಿಂದ ತಕರಾರು ಮಾಡಿಕೊಂಡಿದ್ದ ಪಕ್ಕದ ಹಿಡುವಳಿದಾರನನ್ನು ಮೂರನೆಯ ದಿನ ದಸ್ತಗಿರಿ ಮಾಡಿದರು. ಆ ಸಂಜೆ ಇಬ್ಬರೂ ರಾಜಿ ಮಾತುಕತೆಗೆಂದು ಪೇಟೆಗೆ ಬಂದಿದ್ದರು, ಮತ್ತು ಆರೋಪಿಯ ಬೈಕಿನಲ್ಲಿಯೇ ಒಟ್ಟಿಗೆ ಹೊರಟಿದ್ದರು. ಈ ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ, ಆರೋಪಿಗೂ ಇರಲಿಲ್ಲ.

ಸಾಂದರ್ಭಿಕ ಸಾಕ್ಷ್ಯದ ಪ್ರಕರಣವೆಂದರೆ ನಮ್ಮಲ್ಲಿ ಎಲ್ಲರೂ ಸರಪಳಿಯ ಮಾತನ್ನು ಆಡುತ್ತೇವೆ. ಸರ್ವೋಚ್ಚ ನ್ಯಾಯಾಲಯ 1984ರಲ್ಲಿ ಶರದ್ ಬಿರ್ಧಿಚಂದ್ ಸಾರ್ದಾ ಪ್ರಕರಣದಲ್ಲಿ ಹೇಳಿದ ಐದು ಸೂತ್ರಗಳು ನನಗೆ ಬಾಯಿಪಾಠವಾಗಿದ್ದವು. ಅವುಗಳಲ್ಲಿ ಮೊದಲನೆಯದು, ತೀರ್ಮಾನಕ್ಕೆ ಆಧಾರವಾಗುವ ಪ್ರತಿಯೊಂದು ಸಂದರ್ಭವೂ ಮೊದಲು ತಾನೇ ಪೂರ್ಣವಾಗಿ ಸ್ಥಾಪಿತವಾಗಿರಬೇಕು ಎಂಬುದು. ನಾನು ಐದನೆಯದರ ಮೇಲೆ, ಅಂದರೆ ಸರಪಳಿ ಪೂರ್ಣವಾಗಿದೆಯೇ ಎಂಬುದರ ಮೇಲೆ ಕಣ್ಣಿಟ್ಟು, ಮೊದಲನೆಯದನ್ನು ದಾಟಿಕೊಂಡು ಹೋದೆ. ನಲವತ್ತನೆಯ ದಿನದ ಸುಮಾರಿಗೆ ತನಿಖಾಧಿಕಾರಿಯಾಗಿದ್ದ ಸಿಪಿಐ (ವೃತ್ತ ನಿರೀಕ್ಷಕರು) ಕಡತ ತಂದು ತೋರಿಸಿದಾಗ, ಉದ್ದೇಶವಿದೆ, ಕೊನೆಯದಾಗಿ ಒಟ್ಟಿಗೆ ಕಂಡ ಸಾಕ್ಷಿಯಿದೆ, ಜಪ್ತಿಯಿದೆ, ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿಯೊಂದು ಬಂದರೆ ಸಾಕು ಎಂದು ನಾನೇ ಹೇಳಿದ್ದೆ. ಆ ಮಾತಿನ ನಂತರ ಠಾಣೆಯಲ್ಲಿ ಯಾರೂ ಹೊಸದೇನನ್ನೂ ಹುಡುಕಲಿಲ್ಲ. ಹುಡುಕಬೇಕೆಂದು ಅವರಿಗೆ ಅನ್ನಿಸದಂತೆ ಮಾಡಿದವನು ನಾನು.

ಎಫ್‌ಎಸ್‌ಎಲ್ ವರದಿ ಬಂದದ್ದು 83ನೆಯ ದಿನ, ಕರಡು ನನ್ನ ಮೇಜಿಗೆ ಬಂದದ್ದು 86ನೆಯ ದಿನ. ಆರೋಪಿ ಬಂಧನದಲ್ಲಿರುವಾಗ ತೊಂಬತ್ತು ದಿನಗಳೊಳಗೆ ದೋಷಾರೋಪಣ ಪಟ್ಟಿ ಸಲ್ಲಿಸಬೇಕಾದ ಪ್ರಕರಣವನ್ನು ಕೊನೆಯ ನಾಲ್ಕು ದಿನಗಳಲ್ಲಿ ಪರಿಶೀಲನೆಗೆ ಕಳುಹಿಸುವ ಈ ಪದ್ಧತಿಯ ಬಗ್ಗೆ ನಾನು ಪ್ರತಿಯೊಂದು ಸಭೆಯಲ್ಲಿಯೂ ಹೇಳಿದ್ದೇನೆ, ಬರೆದೂ ಕೊಟ್ಟಿದ್ದೇನೆ, ಇಂದಿಗೂ ಅದು ಹಾಗೆಯೇ ಇದೆ. ಜಪ್ತಿಯಾದ ಆರೋಪಿಯ ಅಂಗಿಯ ಮೇಲಿದ್ದುದು ಮನುಷ್ಯನ ರಕ್ತ, ‘ಓ’ ಗುಂಪಿನದು ಎಂದು ವರದಿಯಲ್ಲಿತ್ತು. ಮೃತನದೂ ‘ಓ’, ಆರೋಪಿಯದೂ ‘ಓ’. ಸ್ವಇಚ್ಛಾ ಹೇಳಿಕೆಯ ಮೇರೆಗೆ ಜಪ್ತಿಯಾದ ಕಬ್ಬಿಣದ ರಾಡು ಸಿಕ್ಕಿದ್ದು ಯಾರು ಬೇಕಾದರೂ ಓಡಾಡುವ ಮೋರಿಯ ಕೆಳಗೆ, ಮತ್ತು ಅದರ ಮೇಲೆ ರಕ್ತದ ಕಲೆ ಪತ್ತೆಯಾಗಿರಲಿಲ್ಲ. ಇವೆರಡೂ ಹಗುರವೆಂದು ನನಗೆ ತಿಳಿಯುತ್ತಿತ್ತು. ಹೀಗಿದ್ದೂ ‘ಲಾಸ್ಟ್ ಸೀನ್’, ಅಂದರೆ ಇಬ್ಬರೂ ಕೊನೆಯದಾಗಿ ಒಟ್ಟಿಗೆ ಕಂಡ 21:42ರ ಆ ಚಿತ್ರ, ಗಟ್ಟಿಯಾಗಿದೆಯಲ್ಲ, ಉಳಿದವು ಅದಕ್ಕೆ ಒತ್ತಾಸೆಯಾಗುತ್ತವೆ ಎಂದು ಸಮಾಧಾನ ಮಾಡಿಕೊಂಡೆ.

ಆ ಸಾಕ್ಷ್ಯಕ್ಕೆ ಎದುರಾಗಿ ನಿಂತಿದ್ದುದು ಸಿಡಿಆರ್, ಅಂದರೆ ಮೊಬೈಲ್ ಕರೆಗಳ ದಾಖಲೆ. ರಾತ್ರಿ 9.20ಕ್ಕೆ ಆರೋಪಿಯ ಮೊಬೈಲಿನಿಂದ ಆರು ನಿಮಿಷಗಳ ಕರೆಯೊಂದು ಹೋಗಿತ್ತು, ಮತ್ತು ಅದನ್ನು ಹಿಡಿದದ್ದು ಬಂಕಿನಿಂದ 12 ಕಿಲೋಮೀಟರ್ ದೂರದ ಅವನ ಊರಿನ ಟವರ್. ಕರಡಿನಲ್ಲಿ ಇದಕ್ಕೆ ಉತ್ತರವೂ ಸಿದ್ಧವಾಗಿತ್ತು: ಆರೋಪಿಯು ಮೊದಲು ಮನೆಗೆ ಹೋಗಿ, ತನಿಖೆಯ ದಾರಿ ತಪ್ಪಿಸಲು ಫೋನನ್ನು ಅಲ್ಲಿ ಬಿಟ್ಟು, ಪುನಃ ಪೇಟೆಗೆ ಬಂದು ಮೃತನನ್ನು ಹತ್ತಿಸಿಕೊಂಡಿದ್ದಾನೆ; ಆ ಕರೆ ಹೆಂಡತಿ ಮಾಡಿದ್ದು. ಅದನ್ನು ಓದಿದಾಗ ನನಗೆ ಅನುಮಾನ ಬರಬೇಕಾಗಿತ್ತು. ಬದಲಾಗಿ ಅಂಚಿನಲ್ಲಿ ‘ಪೂರ್ವಸಿದ್ಧತೆಯನ್ನು ತೋರಿಸುತ್ತದೆ’ ಎಂದು ಪೆನ್ಸಿಲಿನಲ್ಲಿ ಬರೆದೆ. ಅವನ ಪರವಾಗಿ ನಿಲ್ಲಬಹುದಾಗಿದ್ದ ಒಂದೇ ಸಂಗತಿಯನ್ನು ನನ್ನ ಕೈಯಾರೆ ಅವನ ವಿರುದ್ಧಕ್ಕೆ ತಿರುಗಿಸಿದ್ದೆ. ಆ ಕರೆ ಹೋದದ್ದು ಯಾರಿಗೆ, ಪೊಲೀಸರು ಕಲಂ 161ರ ಅಡಿ ಬರೆದುಕೊಳ್ಳಬೇಕಾದ ಅವರ ಹೇಳಿಕೆ ಎಲ್ಲಿ ಎಂದು ಕೇಳಲಿಲ್ಲ.

87ನೆಯ ದಿನ ಸಂಜೆ, ಕಡತ ಒಯ್ಯಲು ಬಂದ ಕೋರ್ಟ್ ಡ್ಯೂಟಿಯ ಮಹಿಳಾ ಕಾನ್‌ಸ್ಟೇಬಲ್ ನಾನು ಸಹಿ ಮಾಡುವವರೆಗೆ ಮೇಜಿನ ಬಳಿ ನಿಂತಿದ್ದರು. 63ನೆಯ ಪುಟ ತೆರೆದಿತ್ತು. ಅವರು ಬಗ್ಗಿ ನೋಡಿ, “ಸಾರ್, ಇದು ನಮ್ಮೂರ ಬಸ್ಸು. ಎಂಟೂವರೆದು. ಅದಾದ್ ಮೇಲೆ ಆ ರೂಟಲ್ಲಿ ಬಸ್ಸೇ ಇಲ್ಲ” ಎಂದರು. ಬಸ್ಸಿನ ನೆತ್ತಿಯ ಫಲಕದಲ್ಲಿ ಮಸುಕಾಗಿ ಕಾಣುತ್ತಿದ್ದ ಊರಿನ ಹೆಸರಿನ ಕೊನೆಯ ಎರಡು ಅಕ್ಷರಗಳ ಮೇಲೆ ಅವರ ಬೆರಳಿತ್ತು. ಆ ದಿನ ಬಸ್ಸು ತಡವಾಗಿರಬಹುದು ಎಂದೆ. “ತಡ ಆದ್ರೂ ಹತ್ತು ನಿಮಿಷ ಸಾರ್, ಒಂದ್ ಗಂಟೆ ಆಗಲ್ಲ” ಎಂದರು.

ಸಿಪಿಐ ಅವರಿಗೆ ಫೋನ್ ಮಾಡಿ, ಬಂಕಿನ ಡಿವಿಆರ್ (ಸಿಸಿಟಿವಿ ದೃಶ್ಯ ದಾಖಲಿಸುವ ಯಂತ್ರ) ಗಡಿಯಾರವನ್ನು ಈಗಲೇ ನೋಡಿ ಎಂದೆ. ತುಣುಕನ್ನು ಪೆನ್‌ಡ್ರೈವ್‌ಗೆ ಪಡೆದು, ಮ್ಯಾನೇಜರ್‌ನಿಂದ ವಿದ್ಯುನ್ಮಾನ ಸಾಕ್ಷ್ಯಕ್ಕೆ ಬೇಕಾದ 65ಬಿ ಪ್ರಮಾಣಪತ್ರವನ್ನೂ ಬರೆಸಿಕೊಂಡಿದ್ದರು; ಡಿವಿಆರ್ ಅಲ್ಲಿಯೇ ಇತ್ತು. ಮಹಜರಿನಲ್ಲಿ ಪೆನ್‌ಡ್ರೈವ್‌ನ ಬಣ್ಣ, ಕಂಪನಿ, ಪಂಚರ ಸಹಿಯಿದ್ದ ಚೀಟಿ ಎಲ್ಲವೂ ದಾಖಲಾಗಿದ್ದವು, ಗಡಿಯಾರ ಸರಿಯಿತ್ತೇ ಎಂಬ ಒಂದು ಸಾಲು ಇರಲಿಲ್ಲ. ನಲವತ್ತು ನಿಮಿಷ ಕಾದೆ. ಆ ಹೊತ್ತಿನಲ್ಲಿ ಕಡತವನ್ನು ಮೊದಲಿನಿಂದ ತಿರುವಿದಾಗ ಒಂದೊಂದಾಗಿ ಕಾಣತೊಡಗಿತು. ಬಂಕಿನ ಹುಡುಗ, ಪಟ್ಟಿಯ ಒಂಬತ್ತನೆಯ ಸಾಕ್ಷಿ (ಸಿಡಬ್ಲ್ಯೂ-9), ‘ಸುಮಾರು 9.40ಕ್ಕೆ’ ಇಬ್ಬರನ್ನೂ ನೋಡಿದೆನೆಂದು ಹೇಳಿದ್ದ. ಅವನ ಹೇಳಿಕೆ ಬರೆದುಕೊಂಡದ್ದು ಅವನಿಗೆ ಪರದೆಯ ಮೇಲೆ ಆ ದೃಶ್ಯ ತೋರಿಸಿದ ಮೇಲೆ. ನಾನು ಎರಡು ಕೊಂಡಿಗಳೆಂದು ಎಣಿಸಿದ್ದು ಒಂದೇ ಗಡಿಯಾರವನ್ನು. ಮೃತನ ಹೆಂಡತಿಯ ಹೇಳಿಕೆಯಲ್ಲಿ, ರಾತ್ರಿ 9.10ಕ್ಕೆ ಗಂಡ ಫೋನ್ ಮಾಡಿ ‘ಕೆರೆ ಏರಿ ಹತ್ತಿರ ಇಳಿದಿದ್ದೇನೆ, ಇನ್ನರ್ಧ ಗಂಟೆಯಲ್ಲಿ ಬರುತ್ತೇನೆ’ ಎಂದನೆಂದಿತ್ತು. ಆ ‘ಇಳಿದಿದ್ದೇನೆ’ ಎಂಬ ಮಾತು ನನ್ನ ಕಣ್ಣಿಗೆ ಎರಡು ಸಲವೂ ಬಿದ್ದಿರಲಿಲ್ಲ.

ಕೊನೆಗೆ ಫೋನ್ ಬಂತು. ಡಿವಿಆರ್ ಗಡಿಯಾರ 1 ಗಂಟೆ 11 ನಿಮಿಷ ಮುಂದಿತ್ತು. ಇಂದು ಮುಂದಿದೆಯೆಂದ ಮಾತ್ರಕ್ಕೆ ಮೂರು ತಿಂಗಳ ಹಿಂದೆಯೂ ಇತ್ತೆಂದು ಹೇಳಲಾಗದು ಎಂದು ಸಿಪಿಐ ಅವರು ನ್ಯಾಯವಾಗಿಯೇ ಹೇಳಿದರು. ಮರುದಿನ ಬೆಳಿಗ್ಗೆ ಡಿಪೋದಿಂದ ಆ ದಿನದ ಟಿಕೆಟ್ ಯಂತ್ರದ ದಾಖಲೆ ತರಿಸಿದರು. ನಿಲ್ದಾಣದಲ್ಲಿ ಕೊನೆಯ ಟಿಕೆಟ್ ಹರಿದದ್ದು 8.28ಕ್ಕೆ. ನಿಲ್ದಾಣದಿಂದ ಬಂಕಿಗೆ ಮೂರು ನಿಮಿಷದ ದಾರಿ. ಅಂದರೆ 8.31; 21:42ರಿಂದ 1 ಗಂಟೆ 11 ನಿಮಿಷ ಕಳೆದರೂ ಅದೇ. 9.20ರ ಆ ಕರೆ ಹೋದದ್ದು ಹಾಸ್ಟೆಲಿನಲ್ಲಿದ್ದ ಆರೋಪಿಯ ಮಗಳಿಗೆ. ಅಪ್ಪನೇ ಮಾತನಾಡಿದ್ದು, ಪರೀಕ್ಷೆಯ ಶುಲ್ಕದ ವಿಷಯ ಎಂದು ಅವಳು ಹೇಳಿದಳು. ಮಗಳ ಮಾತಿಗೆ ಎಷ್ಟು ತೂಕ ಕೊಡಬೇಕೆಂಬ ಪ್ರಶ್ನೆಯನ್ನು ಬದಿಗಿಟ್ಟರೂ, ಅವಳನ್ನು 88 ದಿನಗಳವರೆಗೆ ಯಾರೂ ಕೇಳಿರಲಿಲ್ಲ.

ಆ ಮಧ್ಯಾಹ್ನದ ಚರ್ಚೆ ಕಷ್ಟದ್ದಾಗಿತ್ತು. ಈಗ ಪಟ್ಟಿ ಸಲ್ಲಿಸಿ ಆಮೇಲೆ 173(8)ರ ಅಡಿ ತನಿಖೆ ಮುಂದುವರಿಸೋಣ, ಇಲ್ಲದಿದ್ದರೆ ಗಡುವು ಮೀರಿದ್ದಕ್ಕೆ ಆರೋಪಿಗೆ ಹಕ್ಕಾಗಿ ಸಿಗುವ ಜಾಮೀನು, ಡಿಫಾಲ್ಟ್ ಬೇಲ್ ಆಗುತ್ತದೆ, ಊರಿನಲ್ಲಿ ಗಲಾಟೆಯಾಗುತ್ತದೆ ಎಂದು ಮೇಲಿನವರ ಒತ್ತಡವಿತ್ತು. ‘ಉಳಿದದ್ದನ್ನು ಕೋರ್ಟು ನೋಡಿಕೊಳ್ಳುತ್ತದೆ’ ಎಂಬ ಮಾತೂ ಬಂತು. ನಾನೂ ಎಷ್ಟೋ ಸಲ ಆಡಿದ ಮಾತದು. ಆದರೆ ಆರೋಪ ಹೊರಿಸುವ ಹಂತದಲ್ಲಿ ನ್ಯಾಯಾಲಯ ಸಾಕ್ಷ್ಯವನ್ನು ಅರೆದು ನೋಡುವುದಿಲ್ಲ, ಬಲವಾದ ಸಂಶಯವಿದ್ದರೆ ಸಾಕು. ಕಾಗದದ ಮೇಲೆ 21:42 ಇರುವವರೆಗೆ ಆ ಬಲಕ್ಕೆ ಕೊರತೆಯಿರುತ್ತಿರಲಿಲ್ಲ. ಡಿವಿಆರ್ ಬಗ್ಗೆ ಪಾಟೀಸವಾಲಿನಲ್ಲಿ ಯಾರಾದರೂ ಕೇಳುವಷ್ಟರಲ್ಲಿ ವರ್ಷಗಳು ಕಳೆದಿರುತ್ತಿದ್ದವು, ಆ ವೇಳೆಗೆ ಬಸ್ಸಿನ ದಾಖಲೆಯೂ ಉಳಿದಿರುತ್ತಿರಲಿಲ್ಲ. ಅಭಿಯೋಜಕನ ಅಭಿಪ್ರಾಯ ಬರಿಯ ಸಲಹೆ, ತೀರ್ಮಾನ ತನಿಖಾಧಿಕಾರಿಯದೇ ಎಂದು 2000ದಲ್ಲಿ ಆರ್. ಸರಳಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ. ಪಟ್ಟಿ ಸಲ್ಲಿಸುವುದು ಬೇಡವೆಂದು ನಾನು ಬರೆದುಕೊಟ್ಟೆ. ಸಿಪಿಐ ಅವರು ಆ ಹೊಣೆಯನ್ನು ತಮ್ಮ ಮೇಲೆ ಹೊತ್ತು, 89ನೆಯ ದಿನ ಕಲಂ 169ರ ವರದಿ, ಅಂದರೆ ಸಾಕ್ಷ್ಯ ಸಾಲದೆಂದು ಆರೋಪಿಯನ್ನು ಬಾಂಡಿನ ಮೇಲೆ ಬಿಡುವ ವರದಿ ಸಲ್ಲಿಸಿದರು. ಅವರ ಬಗ್ಗೆ ನನಗಿರುವ ಗೌರವ ಆ ದಿನದ್ದು.

ಈಗ 65ಬಿ ಬದಲಿಗೆ ಬಂದಿರುವ, 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರದಲ್ಲಿ ಕಡತದ ಬೆರಳಚ್ಚಿನಂತಿರುವ ಹ್ಯಾಶ್ ಮೌಲ್ಯ ಬರೆಯಬೇಕು, ತಜ್ಞರ ಸಹಿಯೂ ಬೇಕು. ನಕಲು ಮೂಲದಂತೆಯೇ ಇದೆಯೆಂದು ಅದರಿಂದ ಖಾತ್ರಿಯಾಗುತ್ತದೆ, ಮೂಲದ ಗಡಿಯಾರವೇ ತಪ್ಪಿದ್ದರೆ ಆ ತಪ್ಪೂ ನಿಷ್ಠೆಯಿಂದ ನಕಲಾಗುತ್ತದೆ. ಆದ್ದರಿಂದ ಡಿವಿಆರ್ ಸಮಯ ಎಷ್ಟು, ಅದೇ ಕ್ಷಣದ ಸರಿಯಾದ ಸಮಯ ಎಷ್ಟು ಎಂಬ ಎರಡು ಸಾಲು ಮಹಜರಿನಲ್ಲಿ ಇಲ್ಲದ ಕಡತವನ್ನು ನಾನು ವಾಪಸ್ಸು ಕಳುಹಿಸುತ್ತೇನೆ.

ಆ ಆರೋಪಿ ಬಾಂಡಿಗೆ ಸಹಿ ಮಾಡಲು ಬಂದ ದಿನ ನ್ಯಾಯಾಲಯದ ಪಡಸಾಲೆಯಲ್ಲಿ ನನ್ನ ಪಕ್ಕದಲ್ಲಿಯೇ ಹಾದುಹೋದ. ನಾನು ಯಾರೆಂದು ಅವನಿಗೆ ತಿಳಿದಿರಲಿಲ್ಲ. ಆ ವರ್ಷದ ಅಡಿಕೆ ಕೊಯ್ಲು ಅವನು ಜೈಲಿನಲ್ಲಿದ್ದಾಗಲೇ ಮುಗಿದಿತ್ತು. ಕೊಲೆ ಮಾಡಿದವರು ಇಂದಿಗೂ ಪತ್ತೆಯಾಗಿಲ್ಲ. ಮೃತನ ಹೆಂಡತಿ ನನಗೆ ವರ್ಗವಾಗುವವರೆಗೆ ಎರಡು ಮೂರು ತಿಂಗಳಿಗೊಮ್ಮೆ ಕಚೇರಿಗೆ ಬಂದು, ಬೆಂಚಿನ ಮೇಲೆ ಕುಳಿತು, “ಮತ್ಯಾರು ಸಾರ್ ಮಾಡಿದ್ದು?” ಎಂದು ಕೇಳುತ್ತಿದ್ದರು.